ಸಾಕ್ಷಿಗುಡ್ಡೆ

ನಮ್ಮವ್ವನ ತಾತ ಪೆದ್ದೋಬಳಪ್ಪ
ಬಸ್ರಾಕ್ಕೆ ಹಡಗು ಹತ್ತಿದ್ದು ದಂಡಿಗಲ್ಲ, ಮಣ್ಣಿಗೆ.
ಬಂದೂಕಿನವರ ಹಿಂದೆ ಗುದ್ದಲಿಯವರು.
ಕಾಳಗ ಮುಗಿಯಿತು, ರೈಲುಹಳಿಯ ಕೆಲಸ ಉಳಿಯಿತು,
ಹಳಿಯ ಮಗ್ಗುಲಲ್ಲೊಂದು ದಿಬ್ಬ,
ದಿಬ್ಬದ ಮೇಲೊಬ್ಬ ಟೋಪಿ ದೊರೆ,
ದೊರೆಗೆ ಬುಟ್ಟಿ ಹೊರುವವರು ಬೇಕಿತ್ತು.

ಹನ್ನೆರಡನೇ ವರ್ಷ ದುರ್ಗಕ್ಕೆ ಮರಳಿದಾಗ
ಕೇರಿಯವರು ಕಟ್ಟೆಯ ಮೇಲೆ ಕೂರಿಸಿ ಕೇಳಿದರಂತೆ:
ಎಲ್ಲಿದ್ಯೋ ಇಷ್ಟು ದಿನ?
ಊರಾಗೆ.
ಯಾವೂರಾಗೆ?
ಊರಾಗೇ ಕಣ್ರೋ. ಆ ಊರಿನ ಹೆಸರೇ ಊರು.
ಬಿಸಿಲು ನೆತ್ತಿಗೇರಿದೆ ಎಂದು ಹರಳೆಣ್ಣೆ ತಟ್ಟಿದರು.

ಎಣ್ಣೆ ಕಿವಿಗಿಳಿಯುತ್ತಿದ್ದರೂ ಅವನು ನಿಲ್ಲಿಸಲಿಲ್ಲ:
ಊರ ಕೆಳಗೆ ಊರು, ಅದರ ಕೆಳಗೂ ಊರು,
ಅದರಡಿ ಎರಡಾಳು ಬರೀ ಕೆಸರು,
ಮುಗೀತು ಅಂದುಕೊಂಡರೆ
ಕೆಸರಿನ ಕೆಳಗೆ ಮತ್ತೆ ಯಾರದೋ ಒಡೆದ ಗಡಿಗೆ.
ಗುದ್ದಲಿ ಕಸಿದು ಬ್ರಷ್ಷು ಕೊಟ್ಟರು,
ಹಲ್ಲುಜ್ಜಲಿಕ್ಕಾ ಅಂದೆ.

ನಮ್ಮ ಕಸುಬಿನಲ್ಲಿ ಒಂದು ರೂಢಿ.
ಕೆರೆ ತೋಡುವಾಗ ನಡುವೆ ಒಂದು ಗುಡ್ಡೆ ಬಿಡಬೇಕು,
ನೆತ್ತಿಯ ಹುಲ್ಲು ಹಾಗೇ ಇರಬೇಕು.
ಮೇಸ್ತ್ರಿ ಟೇಪು ಹಿಡಿದು ಬಂದರೆ
ನಾವು ಅಗೆದ ಆಳಕ್ಕೆ ಅದೊಂದೇ ಸಾಕ್ಷಿ.
ಕೂಲಿ ಚುಕ್ತಾ ಆದ ಸಂಜೆ ಅದನ್ನೂ ಕಡಿದು ಹಾಕುತ್ತೇವೆ.

ಅಲ್ಲೂ ಬಿಟ್ಟಿದ್ದನಂತೆ, ಕೈ ಕಲಿತದ್ದು.
ದೊರೆ ನೋಡಿದ. ಬೈಯಲಿಲ್ಲ.
ಗುಡ್ಡೆಯ ಮೈಯಲ್ಲಿ ಬೂದಿ, ಜೇಡಿ, ಬೂದಿ, ಸುಟ್ಟ ನೆಲ,
ಪದರಪದರ, ಅಜ್ಜಿಯ ಕೌದಿ ಮಡಿಸಿಟ್ಟ ಹಾಗೆ.
ಕುಕ್ಕುರುಗಾಲಲ್ಲಿ ಕೂತವನು
ಹೊತ್ತು ಮುಳುಗಿದರೂ ಏಳಲಿಲ್ಲ.
ಶನಿವಾರ ಬಟವಾಡೆ ಆಯಿತು, ಕಡಿಯಲು ಬಿಡಲಿಲ್ಲ.
ಸಂಬಳ ಕೊಟ್ಟ ಮೇಲೂ ಅವನಿಗ್ಯಾಕೆ ಸಾಕ್ಷಿ?
ಸಾಯುವವರೆಗೂ ಇದೊಂದು ಒಗಟು ತಾತನಿಗೆ.

ತಂದದ್ದು ಒಂದು ಕಂಬಳಿ, ಅರ್ಧ ಇಟ್ಟಿಗೆ.
ಬೊಂಬಾಯಿ ಬಂದರಿನಲ್ಲಿ ಪೆಟ್ಟಿಗೆ ಬಿಚ್ಚಿಸಿದವನು ನಕ್ಕನಂತೆ,
ನಿಮ್ಮ ಕಡೆ ಇಟ್ಟಿಗೆ ಹುಟ್ಟೋದಿಲ್ವಾ?
ಅಜ್ಜಿ ಗಂಗವ್ವ ಕಲ್ಲುಕುಟಿಗರ ಮಗಳು,
ಅದರ ಗೀರುಗಳ ಮೇಲೆ ಬೆರಳಾಡಿಸಿ
ಇದು ಉಳಿ ಗುರುತು, ಅಂದಳು.
ಮಣ್ಣಿಗೆ ಯಾರೇ ಉಳಿ ಹಿಡೀತಾರೆ?
ಹಸಿ ಇದ್ದಾಗ ಹಿಡಿದವರು.

ಆಮೇಲೆ ಎಷ್ಟೋ ವರ್ಷ.
ಚಂದ್ರವಳ್ಳಿಯಲ್ಲಿ ಗೂಟ ನೆಟ್ಟು ದಾರ ಕಟ್ಟಿದ್ದಾರೆಂದು ಕೇಳಿ
ಮಂಡಿ ಹಿಡಿದುಕೊಂಡೇ ನಡೆದ.
ವಯಸ್ಸಾಯ್ತು ಹೋಗಜ್ಜ, ಎಂದ ಚಡ್ಡಿಯ ಹುಡುಗ.
ತಾತ ಗುಂಡಿಯ ಗೋಡೆಗೆ ಉಗುಳು ಹಚ್ಚಿ ತೋರಿಸಿದ:
ಇಲ್ಲಿ ಬಣ್ಣ ತಿರುಗಿದೆ ನೋಡಪ್ಪ,
ಎರಡು ಊರನ್ನ ಒಂದೇ ಬುಟ್ಟಿಗೆ ತುಂಬ್ತಿದೀಯ.
ಮಾರನೇ ದಿನದಿಂದ ದಿನಕ್ಕೆ ಹನ್ನೆರಡಾಣೆ.
ಕೆಲಸ ಇಷ್ಟೇ: ಹೊಂಗೆಯ ನೆರಳಲ್ಲಿ ಕೂತು
ನಿಲ್ಲು ಅನ್ನುವುದು.

ಇಟ್ಟಿಗೆ ಈಗ ನಮ್ಮನೆ ನೀರಿನ ಡ್ರಮ್ಮಿನ ಕೆಳಗಿದೆ.
ಡ್ರಮ್ಮು ವಾಲುವುದಿಲ್ಲ.

ಮೊನ್ನೆ ಒಳಚರಂಡಿಗೆಂದು
ಜೆಸಿಬಿ ನಮ್ಮ ಬೀದಿಯನ್ನು ಸೀಳಿತು.
ಹಾಲಿಗೆ ಹೊರಟವಳು ಬಗ್ಗಿ ನೋಡಿದೆ:
ಟಾರು, ಜಲ್ಲಿ, ಹಳೇ ಟಾರು, ಕೆಮ್ಮಣ್ಣು,
ಒಂದು ಬೆರಳಗಲ ಬೂದಿ, ಬೂದಿಯಲ್ಲಿ
ಹಸಿರು ಬಳೆಚೂರು, ಅದರಡಿ ಏನೋ ಕಪ್ಪಗೆ.
ಪಾತ್ರೆ ಕೆಳಗಿಟ್ಟು ಕುಕ್ಕುರುಗಾಲಲ್ಲಿ ಕೂತೆ.

ಡ್ರೈವರು ಹಾರನ್ನು ಹೊಡೆದ, ಇಣುಕಿದ.
ಏನು ಬಿತ್ತಕ್ಕಾ, ಓಲೆನಾ?
ಹೂಂ, ಅಂದೆ. ಸ್ವಲ್ಪ ತಡಿ.
ಪಾಪ, ಇಂಜಿನ್ನು ಆರಿಸಿದ.